ನಾಯಿಯ ಕತ್ತಿನ ಅಳತೆ

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಸುತ್ತಿನ ಕಾಫಿ ಸೀಮೆಯಲ್ಲಿ ಕೂತು ನಾಯಿ-ಬೆಕ್ಕುಗಳಿಗೆ ಬೇಕಾದ ಪಟ್ಟಿ, ಹಗ್ಗ, ಹಾಸಿಗೆ, ಆಟಿಕೆ ಮಾಡಿ ಮಾರುತ್ತೇವೆ ಎಂದರೆ ಏನೇನು ಆಕ್ಷೇಪ ಬರುತ್ತದೆಂಬುದು ನನಗೆ ಬಾಯಿಪಾಠವಾಗಿದೆ. ಬೆಳೆಗಾರರ ಸಭೆಯಲ್ಲಿ, ಬ್ಯಾಂಕಿನ ಸಾಲದ ಮೇಜಿನೆದುರು, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ. ಹೇಳಿದವರು ಹಗುರಾದ ಜನರಲ್ಲ. ಕೆಲವರು ತೋಟದಲ್ಲೇ ಆಯುಷ್ಯ ಕಳೆದವರು, ಕೆಲವರು ವ್ಯಾಪಾರ ಬಲ್ಲವರು, ಕೆಲವರು ಕಾಡಿಗಾಗಿ ಹೋರಾಡಿದವರು. ಹಾಗಾಗಿ ಒಬ್ಬೊಬ್ಬರ ಮಾತಿಗೂ ಬೇರೆಬೇರೆಯಾಗಿಯೇ ಉತ್ತರ ಕೊಡಬೇಕು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕಸುಬಿನಲ್ಲಿ ಸಹಾನುಭೂತಿಯೇ ಅಳತೆಗೋಲು. ಪ್ರಾಣಿಯ ಮೈಯೊಳಗಿಂದ ನೋಡುವ ಅಭ್ಯಾಸವಿಲ್ಲದವರು ಈ ಗುಡ್ಡಗಳಿಗೆ ಹೊಂದುವ ಒಂದು ಪಟ್ಟಿಯನ್ನೂ ಸರಿಯಾಗಿ ಹೊಲಿಯಲಾರರು.

ಮೊದಲ ಆಕ್ಷೇಪ ಹಳೆಯದು. "ನಾಯಿ ಮುದ್ದು ಮಾಡುವುದೆಲ್ಲ ಬೆಂಗಳೂರಿನವರ ಶೋಕಿ. ಮಲೆನಾಡಿನಲ್ಲಿ ನಾಯಿ ಎಂದರೆ ತೋಟ ಕಾಯುವ ಪ್ರಾಣಿ, ಉಳಿದ ಅನ್ನ ಹಾಕಿದರೆ ಮುಗಿಯಿತು."

ನಾಯಿಯನ್ನು ಗೌರವಿಸುವುದು ನಮಗೆ ಹೊರಗಿನಿಂದ ಬಂದದ್ದೆಂದು ಹೇಳುವವರು ಮದ್ದೂರು ಬಳಿಯ ಆತಕೂರಿನ ಶಾಸನವನ್ನು ನೆನೆಯಬೇಕು. ಕ್ರಿ.ಶ. 949ರ ಆಸುಪಾಸಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲರ ಎಂಬ ವೀರನಿಗೆ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಕಾಡುಹಂದಿಯೊಂದಿಗೆ ಸೆಣಸಿತು; ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಪೂಜಾರಿ ಗೊರವ ಉಣ್ಣಬಾರದೆಂದು ಕಟ್ಟಳೆ ಬರೆಸಿದರು. ಸಾವಿರ ವರ್ಷ ಹಿಂದಕ್ಕೆ ಹೋಗುವುದು ಬೇಡವೆನ್ನುವವರಿಗೆ ಮೂಡಿಗೆರೆಯೇ ಸಾಕು. ಇಲ್ಲಿಯೇ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' 1991ರಲ್ಲಿ ಬಂತು. ಅದರಲ್ಲಿ ಬರುವ ಕಿವಿ ಎಂಬ ನಾಯಿಯನ್ನು ಕನ್ನಡ ಓದುಗರು ಮನೆಯ ಮಗುವಿನಂತೆ ಬಲ್ಲರು. ಬಂದೂಕು ಹಿಡಿದು, ಗಾಳ ಹಾಕಿ, ತೋಟ ಮಾಡಿ ಬದುಕಿದ ಮನುಷ್ಯ ಒಂದು ನಾಯಿಯ ಬುದ್ಧಿ, ಹಟ, ಸಂಕಟಗಳನ್ನು ಎಷ್ಟು ಹತ್ತಿರದಿಂದ ಗಮನಿಸಬಹುದೆಂದು ಆ ಪುಸ್ತಕ ತೋರಿಸಿತು.

ತೋಟದ ನಾಯಿ ದುಡಿಯುವ ಪ್ರಾಣಿ ಎಂಬುದು ನಿಜವಾದರೆ ಅದಕ್ಕೆ ಸಲಕರಣೆ ಹೆಚ್ಚು ಬೇಕು. ಫ್ಲ್ಯಾಟಿನ ನಾಯಿಗೆ ಚಿರತೆಯ ಭಯವಿಲ್ಲ, ನಮ್ಮ ನಾಯಿಗಳಿಗೆ ಪ್ರತಿ ರಾತ್ರಿ ಇದೆ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಚಿರತೆ ತಿನ್ನುವ ಆಹಾರದ ತೂಕದಲ್ಲಿ ಸುಮಾರು ಶೇ. 39 ಪಾಲು ಸಾಕುನಾಯಿಯದು. ಅದು ಕಬ್ಬಿನ ಗದ್ದೆಗಳ ಸೀಮೆ, ನಮ್ಮದು ಮರದ ನೆರಳಿನ ಸೀಮೆ, ಲೆಕ್ಕ ಹಾಗೆಯೇ ಹೊಂದಲಾರದು. ಆದರೂ ರಾತ್ರಿ ಕಣದ ಮೂಲೆಯಲ್ಲಿ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ, ಕಾದಾಡುವ ದಾರಿಯೂ ಇಲ್ಲ ಎಂಬುದನ್ನು ಯಾವ ಅಧ್ಯಯನವೂ ಇಲ್ಲದೆ ನಾವೆಲ್ಲ ಕಂಡಿದ್ದೇವೆ. ಹಿಮಾಲಯದ ಕುರಿಗಾಹಿಗಳು ನಾಯಿಯ ಕುತ್ತಿಗೆಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತ ಬಂದಿದ್ದಾರೆ. ಅಂಥ ಪಟ್ಟಿ ನಮಗೂ ಬೇಕು, ಆದರೆ ಅಲ್ಲಿಯದನ್ನೇ ತಂದರೆ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಚರ್ಮ ಉಬ್ಬುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಒದ್ದೆ ಪಟ್ಟಿಯ ಕೆಳಗೆ ಕೂದಲು ಉದುರಿ ಹುಣ್ಣಾಗುತ್ತದೆ. ಹಾಗಾಗಿ ನೀರು ಕುಡಿಯದ ನೇಯ್ಗೆ, ತುಕ್ಕು ಹಿಡಿಯದ ಉಕ್ಕು, ಒಳಮೈಗೆ ಮೃದುವಾದ ಪದರ, ಹಗಲು ಬಿಚ್ಚಿ ಒಣಗಿಸಲು ಸುಲಭವಾದ ಬಕಲ್ ಇವೆಲ್ಲ ಬೇಕೆಂಬ ತೀರ್ಮಾನಕ್ಕೆ ಬರುತ್ತೇವೆ. ಇಷ್ಟು ಮಾಡಿದ ಮೇಲೂ, ಪಟ್ಟಿಗಿಂತ ಮೊದಲು ರಾತ್ರಿ ನಾಯಿಯನ್ನು ಒಳಗೆ ಮಲಗಿಸಿ ಎಂದೇ ಕೊಳ್ಳುವವರಿಗೆ ಹೇಳಬೇಕು.

"ಕನಿಕರ ಒಳ್ಳೆಯದೇ, ಆದರೆ ಅದು ಖಾತೆ ಪುಸ್ತಕಕ್ಕೆ ಬರುವುದಿಲ್ಲ. ವ್ಯಾಪಾರ ಎಂದರೆ ಅಸಲು, ಬಡ್ಡಿ, ಲಾಭ." ಇದು ವ್ಯಾಪಾರ ಬಲ್ಲವರ ಮಾತು. ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು, ಏಕೆಂದರೆ ಇಲ್ಲಿ ತಪ್ಪುತಿಳಿವಳಿಕೆ ಆಳವಾಗಿದೆ.

ಅಮೆರಿಕದ ಟೆಂಪಲ್ ಗ್ರಾಂಡಿನ್ ಎಂಬಾಕೆ 1947ರಲ್ಲಿ ಹುಟ್ಟಿದವರು, ಆಟಿಸಂ ಇರುವವರು, ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿ. ದನಗಳು ಓಣಿಯಂಥ ದಾರಿಯಲ್ಲಿ ಸಾಗುವಾಗ ಏಕೆ ಹಠಾತ್ತನೆ ನಿಲ್ಲುತ್ತವೆಂದು ಕೆಲಸಗಾರರಿಗೆ ತಿಳಿಯುತ್ತಿರಲಿಲ್ಲ. ಹೊಡೆದು, ಕರೆಂಟಿನ ಕೋಲು ತಾಗಿಸಿ ಮುಂದೆ ತಳ್ಳುತ್ತಿದ್ದರು. ಗ್ರಾಂಡಿನ್ ತಾವೇ ಆ ದಾರಿಯೊಳಗೆ ಇಳಿದು ದನದ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ತೂಗಾಡುವ ಒಂದು ಸರಪಳಿ, ಬೇಲಿಯ ಮೇಲೆ ಯಾರೋ ಬಿಟ್ಟ ಅಂಗಿ, ನೆಲದ ಮೇಲಿನ ನೆರಳು, ಇಂಥವೇ ತಡೆ. ಅದನ್ನು ತೆಗೆದರೆ ದನ ತಾನಾಗಿ ನಡೆಯುತ್ತಿತ್ತು. ಆಮೇಲೆ ಅವರು ರೂಪಿಸಿದ ಬಾಗುದಾರಿಗಳು ಉತ್ತರ ಅಮೆರಿಕದ ದೊಡ್ಡ ಮಾಂಸ ಉದ್ಯಮದ ಭಾಗವಾದವು. ಆ ಉದ್ಯಮ ಕಣ್ಣೀರು ಸುರಿಸಿ ದುಡ್ಡು ಕೊಟ್ಟಿದ್ದಲ್ಲ. ಸಮಯ ಉಳಿಯಿತು, ಪೆಟ್ಟು ತಪ್ಪಿತು, ನಷ್ಟ ತಗ್ಗಿತು, ಅದಕ್ಕೇ ಕೊಟ್ಟಿತು. ಕಸಾಯಿಖಾನೆಯ ದಾರಿಗೆ ಇದನ್ನು ಬಳಸಿದ್ದರ ಬಗ್ಗೆ ಯಾರಿಗೇ ಆಗಲಿ ತಕರಾರಿರಬಹುದು, ನನಗೂ ಒಳಗೆ ಕಸಿವಿಸಿಯಿದೆ. ಆದರೆ ಬಗ್ಗಿ ನೋಡಿದವರಿಗೆ ಮಾತ್ರ ಕಂಡ ಸಂಗತಿಗಳಿದ್ದವು ಎಂಬುದು ಸ್ಪಷ್ಟ.

ನಾಯಿಯ ಕಣ್ಣಿಗೇ ಬರೋಣ. ಅದಕ್ಕೆ ಕಾಣುವ ಬಣ್ಣಗಳು ಮುಖ್ಯವಾಗಿ ನೀಲಿ ಮತ್ತು ಹಳದಿ. 1989ರಲ್ಲಿ ಜೇ ನೈಟ್ಜ್ ಮತ್ತು ಸಂಗಡಿಗರ ಪ್ರಯೋಗ ಇದನ್ನು ಖಚಿತಪಡಿಸಿತು. ಕೆಂಪು ಚೆಂಡನ್ನು ಹಸಿರು ಹುಲ್ಲಿಗೆ ಎಸೆದರೆ ಅದು ನಾಯಿಗೆ ಹುಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತದೆ, ಮೂಗಿನಿಂದ ಹುಡುಕಬೇಕು. ಹಾಗಿದ್ದೂ ಅಂಗಡಿಗಳಲ್ಲಿ ಕೆಂಪು ಆಟಿಕೆಗಳೇ ರಾಶಿ, ಯಾಕೆಂದರೆ ಕೆಂಪು ಕಣ್ಣಿಗೆ ಹೊಡೆಯುವುದು ಕೊಳ್ಳುವ ಮನುಷ್ಯನಿಗೆ. ವರ್ಷವಿಡೀ ಹಸಿರಾಗಿರುವ ನಮ್ಮ ತೋಟಗಳಲ್ಲಿ ನೀಲಿ ಚೆಂಡು ಮಾಡಿ ಮಾರಿದರೆ ಹೆಚ್ಚಿನ ಖರ್ಚೇನೂ ಇಲ್ಲ, ಬಣ್ಣದ ಡಬ್ಬಿ ಬದಲಾಯಿಸಿದರಾಯಿತು.

ಇದಕ್ಕಿಂತ ನನಗೆ ಹೆಚ್ಚು ಮುಖ್ಯವಾದ ಉದಾಹರಣೆ ಮುಧೋಳದ್ದು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ನಮ್ಮ ರಾಜ್ಯದ ಹೆಮ್ಮೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಈಗ ಚಿಕ್ಕಮಗಳೂರಿನ ತೋಟಗಳಲ್ಲೂ ಸಾಕುತ್ತಾರೆ. ಈ ಜಾತಿಯ ನಾಯಿಗಳ ತಲೆ ಕಿರಿದು, ಕುತ್ತಿಗೆ ಉದ್ದ ಮತ್ತು ಬಲಿಷ್ಠ. ಸಾಮಾನ್ಯ ಪಟ್ಟಿ ಹಾಕಿದರೆ ನಾಯಿ ಹಿಂದಕ್ಕೆ ಎಳೆದ ಕೂಡಲೇ ಅದು ಕಿವಿಯ ಮೇಲಿಂದ ಜಾರಿ ಕೈಯಲ್ಲೇ ಉಳಿಯುತ್ತದೆ. ಜಾರದಿರಲೆಂದು ಬಿಗಿ ಮಾಡಿದರೆ ಉಸಿರು ಕಟ್ಟುತ್ತದೆ. ಅವಕ್ಕೆ ಬೇಕಾದದ್ದು ಮೂರು ನಾಲ್ಕು ಬೆರಳು ಅಗಲದ, ಎರಡು ಕುಣಿಕೆಯ ಪಟ್ಟಿ. ಎಳೆದಾಗ ತಲೆ ಜಾರದಷ್ಟು ಬಿಗಿದು ಅಲ್ಲಿಗೇ ನಿಲ್ಲುವಂಥದು. ಲ್ಯಾಬ್ರಡಾರಿನ ಕತ್ತಿಗೆ ಹೊಲಿದ ಪಟ್ಟಿಗಳು ಊರೂರಿನ ಅಂಗಡಿಯಲ್ಲಿ ನೇತಾಡುತ್ತಿವೆ, ನಮ್ಮದೇ ನಾಡಿನ ನಾಯಿಗೆ ಹೊಂದುವ ಪಟ್ಟಿ ಹುಡುಕಬೇಕು. ನಾಟಿ ನಾಯಿಗಳದೂ ಇದೇ ಪಾಡು. ಎದೆ ಆಳ, ಸೊಂಟ ಸಣ್ಣ. ಎದೆಗೆ ಸರಿಯಾದ ಹಾರ್ನೆಸ್ ಹೊಟ್ಟೆಯಲ್ಲಿ ಜೋಲುತ್ತದೆ, ಹೊಟ್ಟೆಗೆ ಸರಿಯಾದದ್ದು ಕಂಕುಳಲ್ಲಿ ಉಜ್ಜಿ ಗಾಯ ಮಾಡುತ್ತದೆ. ಇವು ಮಾರುಕಟ್ಟೆ ಸಮೀಕ್ಷೆಯಲ್ಲಿ ಸಿಗುವ ಸಂಗತಿಗಳಲ್ಲ. ನಾಯಿಯ ಕಂಕುಳಲ್ಲಿ ಕೈಯಿಟ್ಟವರಿಗೆ ಸಿಗುತ್ತವೆ.

ಹಾಸಿಗೆಯ ವಿಷಯವೂ ಹಾಗೆಯೇ. ನಮ್ಮಲ್ಲಿ ನಾಯಿಗೆ ಹಳೆಯ ಕಾಫಿ ಗೋಣಿ ಹಾಕುವುದು ವಾಡಿಕೆ. ಬೇಸಿಗೆಯಲ್ಲಿ ಚೆನ್ನ. ಮಳೆಗಾಲದಲ್ಲಿ ಗೋಣಿ ನೀರು ಹೀರಿ ದಿನಗಟ್ಟಲೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ, ನಾಯಿಯ ಹೊಟ್ಟೆಯ ಚರ್ಮಕ್ಕೆ ತುರಿಕೆ ಅಂಟುತ್ತದೆ. ಪೇಟೆಯ ದಪ್ಪ ಹತ್ತಿಯ ಮೆತ್ತೆ ಇನ್ನೂ ಕೆಟ್ಟದ್ದು, ಒಮ್ಮೆ ನೆನೆದರೆ ಕೊಟ್ಟಿಗೆಹಾರದ ಆಷಾಢದಲ್ಲಿ ಅದನ್ನು ಒಣಗಿಸಲು ಯಾರಿಂದಲೂ ಆಗದು. ನೆಲದಿಂದ ಒಂದು ಗೇಣು ಎತ್ತರದ ಕಟ್ಟು, ಅದರ ಮೇಲೆ ಗಾಳಿಯಾಡುವ ಬಲೆಬಟ್ಟೆ, ಬಿಚ್ಚಿ ತೊಳೆದು ಒಲೆಯ ಮೇಲಿನ ಅಟ್ಟದಲ್ಲಿ ಹರವಿದರೆ ಬೆಳಗಾಗುವಷ್ಟರಲ್ಲಿ ಒಣಗುವ ಹೊದಿಕೆ. ಇದು ಮಲೆನಾಡಿನ ಹಾಸಿಗೆ. ಮುದಿನಾಯಿಗೆ ಗೇಣು ಎತ್ತರವೂ ಹೆಚ್ಚು, ಅದರ ಹಿಂಗಾಲಿನ ಕೀಲು ನೋಯುತ್ತದೆ, ಅದಕ್ಕೆ ನಾಲ್ಕು ಬೆರಳಿನಷ್ಟು ಸಾಕು. ಹೊಂದುವ ಸಾಮಾನು ವಾಪಸು ಬರುವುದಿಲ್ಲ, ಕೊಂಡವರು ಪಕ್ಕದ ತೋಟದವರಿಗೆ ಹೇಳುತ್ತಾರೆ. ಸಹಾನುಭೂತಿ ಖಾತೆ ಪುಸ್ತಕಕ್ಕೆ ಬರುವುದು ಹೀಗೆ.

ಇನ್ನೊಬ್ಬರು ಬುದ್ಧಿವಂತಿಕೆಯಿಂದ ಕೇಳಿದರು: "ನಾಯಿಗೆ ಮಾತು ಬರುವುದಿಲ್ಲ, ದುಡ್ಡು ಕೊಡುವುದು ಯಜಮಾನ. ಅವನಿಗೆ ಇಷ್ಟವಾದರೆ ಸಾಕಲ್ಲವೇ? ನೀವು ನಾಯಿಯ ಮನಸ್ಸು ಎನ್ನುವುದು ನಿಮ್ಮದೇ ಕಲ್ಪನೆ."

ಕಲ್ಪನೆ ಎಲ್ಲಿ ಹೆಚ್ಚಾಗಬಹುದೋ ಅಲ್ಲಿ ನೋಟ ತಿದ್ದುತ್ತದೆ. ಪಟ್ಟಿ ಹಾಕಿದ ಕೂಡಲೇ ನಾಯಿ ಆಕಳಿಸಿದರೆ, ತುಟಿ ನೆಕ್ಕಿದರೆ, ಕಿವಿ ಹಿಂದಕ್ಕೊತ್ತಿದರೆ, ಒಣಗಿದ್ದರೂ ಮೈ ಕೊಡವಿದರೆ ಅದು ಇರುಸುಮುರುಸಿನ ಗುರುತು. ನಾಯಿ ತಜ್ಞರು ದಶಕಗಳಿಂದ ದಾಖಲಿಸಿರುವಂಥದು. ಊಟದ ಬಟ್ಟಲಿಗೆ ಬಾಯಿ ಹಾಕುವ ಮೊದಲು ಪಂಜದಿಂದ ತಳ್ಳಿದರೆ ಬಟ್ಟಲು ಜಾರುತ್ತಿದೆಯೋ ಎಂದು ನೋಡಬೇಕು. ಬೆಕ್ಕು ಹೊಸ ಹಾಸಿಗೆ ಬಿಟ್ಟು ಅದು ಬಂದ ರಟ್ಟಿನ ಡಬ್ಬಿಯಲ್ಲಿ ಮಲಗಿದರೆ ಹಾಸಿಗೆಯ ಅಂಚು ತಗ್ಗಾಯಿತೆಂದು ಅರ್ಥ, ಅದಕ್ಕೆ ಬೆನ್ನಿಗೊಂದು ಆಸರೆ ಬೇಕು.

ಯಜಮಾನನೊಬ್ಬನೇ ಗಿರಾಕಿ ಎಂಬ ಮಾತೂ ನಮ್ಮ ಸೀಮೆಗೆ ಒಪ್ಪುವುದಿಲ್ಲ. ತೋಟದ ನಾಯಿಗೆ ಪಟ್ಟಿ ಕೊಳ್ಳುವವರು ಒಬ್ಬರು, ದಿನಾ ಅದನ್ನು ಕಟ್ಟಿ ಬಿಚ್ಚುವವರು ಇನ್ನೊಬ್ಬರು. ಅವರು ರೈಟರು ಇರಬಹುದು, ಕೂಲಿಕಾರರ ಲೈನ್ ಮನೆಯ ಹುಡುಗ ಇರಬಹುದು, ಮನೆಗೆಲಸದ ಹೆಂಗಸು ಇರಬಹುದು. ಕೊಳ್ಳುವವರನ್ನು ಮಾತ್ರ ಕೇಳಿದರೆ ಬಣ್ಣದ ಬಗ್ಗೆ ತಿಳಿಯುತ್ತದೆ. ಕಟ್ಟುವವರನ್ನು ಕೇಳಿದರೆ ಬಕಲ್ ಯಾವ ಕಡೆ ಬರಬೇಕು, ಮಣ್ಣು ಮೆತ್ತಿದ ಕೈಯಲ್ಲಿ ಯಾವುದು ಬಿಚ್ಚಿಕೊಳ್ಳುವುದಿಲ್ಲ ಎಂಬುದು ತಿಳಿಯುತ್ತದೆ. ಮಕ್ಕಳು ಬೆಂಗಳೂರು, ಅಮೆರಿಕ ಸೇರಿ ತೋಟದ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯ ದಂಪತಿಗಳು ಎಷ್ಟೋ ಮಂದಿ. ಅವರ ಜೊತೆಗಿರುವುದು ಒಂದು ನಾಯಿ. ಸಂಧಿವಾತದ ಬೆರಳಿಗೆ ಸಣ್ಣ ಕ್ಲಿಪ್ ಒತ್ತಲಾಗದು. ಅಂಗೈಯಿಂದಲೇ ಒತ್ತುವ ದೊಡ್ಡ ಬಕಲ್ ಬೇಕು, ಹಗ್ಗದ ಹಿಡಿ ದಪ್ಪಗಿರಬೇಕು. ಪ್ರಾಣಿಯ ಕಡೆ ನೋಡಲು ಕಲಿತ ಕಣ್ಣು ಅದರ ಮನುಷ್ಯರನ್ನೂ ನೋಡುತ್ತದೆ.

ಯಜಮಾನನಿಗೆ ಇಷ್ಟವಾದರೆ ಸಾಕು ಎಂಬುದು ಕಾನೂನಿಗೂ ಒಪ್ಪಿಗೆಯಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿರುವ ನಾಯಿಗೆ ಓಡಾಟ ಕೊಡದಿರುವುದೂ ಅಪರಾಧವೇ. ದನದ ಸರಪಳಿಯಲ್ಲಿ ನಾಯಿ ಕಟ್ಟುವ ವಾಡಿಕೆ ನಮ್ಮಲ್ಲಿ ಇನ್ನೂ ಇದೆ. ಅಂಥ ಸರಪಳಿಯನ್ನು ಯಾರು ಎಷ್ಟು ದುಡ್ಡು ಕೊಟ್ಟರೂ ನಾವು ಮಾರುವುದಿಲ್ಲ. ಎರಡು ಮರದ ನಡುವೆ ತಂತಿ ಎಳೆದು ಅದರಲ್ಲಿ ಹಗ್ಗ ಜಾರುವ ಏರ್ಪಾಟು ಸರಪಳಿಗಿಂತ ದುಬಾರಿಯೇನಲ್ಲ. ಕೇಳಿದವರಿಗೆ ಅದನ್ನು ತೋರಿಸಿಕೊಡುತ್ತೇವೆ.

ದೊಡ್ಡ ಕಂಪನಿಗಳ ಅಗ್ಗದ ಮಾಲಿನ ಮುಂದೆ ನಿಲ್ಲಲಾಗದು ಎಂಬುದಕ್ಕೆ ಚಿಕ್ಕ ಉತ್ತರ ಸಾಕು. ಬೆಲೆಯಲ್ಲಿ ನಿಲ್ಲಲಾಗದು, ನಿಲ್ಲುವ ಉದ್ದೇಶವೂ ಇಲ್ಲ. ಇಂದು ದೊಡ್ಡದಾಗಿರುವ ಹೆಡ್ಸ್ ಅಪ್ ಫಾರ್ ಟೇಲ್ಸ್ ಎಂಬ ಕಂಪನಿ ಕೂಡ 2008ರಲ್ಲಿ ದೆಹಲಿಯ ರಾಶಿ ನಾರಂಗ್ ತಮ್ಮ ನಾಯಿಗೆ ಒಳ್ಳೆಯ ಸಾಮಾನು ಸಿಗದೆ ಶುರುಮಾಡಿದ್ದು. ಬೆಂಗಳೂರಿನಲ್ಲಿ ನೆಲೆಯೂರಿದ ಡಾಗ್ಸೀ ಚ್ಯೂ, ಹಿಮಾಲಯದ ಜನ ತಲೆತಲಾಂತರದಿಂದ ಅಗಿಯುತ್ತಿದ್ದ ಛುರ್ಪಿ ಎಂಬ ಗಟ್ಟಿ ಗಿಣ್ಣನ್ನು ನಾಯಿಯ ತಿನಿಸಾಗಿಸಿ ಹೊರದೇಶಗಳಿಗೆ ಕಳಿಸುತ್ತಿದೆ. ಬೆಟ್ಟದ ಒಂದು ವಸ್ತುವನ್ನೂ ನಾಯಿಯ ಒಂದು ಬಯಕೆಯನ್ನೂ ಕೂಡಿಸಿದವರು ಅವರು. ನಮ್ಮ ಮಳೆ, ನಮ್ಮ ಉಣುಗು, ನಮ್ಮ ಇಂಬಳ, ನಮ್ಮ ನಾಟಿ ನಾಯಿಯ ಎದೆ ದೂರದ ಕಂಪನಿಗೆ ತಿಳಿಯಲು ಇನ್ನೂ ಬಹಳ ಕಾಲ ಬೇಕು.

ಮುಂದಿನದು ನನ್ನನ್ನು ನಿಜವಾಗಿ ಚುಚ್ಚಿದ ಆಕ್ಷೇಪ. "ಸಹಾನುಭೂತಿ ಎನ್ನುತ್ತ ಜನರ ಭಾವನೆಯನ್ನು ಹಿಂಡಿ ದುಡ್ಡು ಮಾಡುತ್ತೀರಿ. ನಾಯಿಯನ್ನು ಪ್ರೀತಿಸುತ್ತೀರಾದರೆ ಇದನ್ನು ಕೊಳ್ಳಿ ಎಂಬ ಬೆದರಿಕೆ ಅದು." ಈ ರೋಗ ಈ ವ್ಯಾಪಾರದಲ್ಲಿ ಇದೆ. ಪ್ರೀತಿಯನ್ನು ಬೆಲೆಯಲ್ಲಿ ಅಳೆಯುವ ಜಾಹೀರಾತುಗಳು ತುಂಬಿವೆ. ಹುಟ್ಟುಹಬ್ಬದ ಟೋಪಿ, ಮದುವೆಯ ಶೆರ್ವಾನಿ ತೊಡಿಸಿ ಬಿಸಿಲಲ್ಲಿ ನಿಲ್ಲಿಸಿದ ನಾಯಿಯ ಚಿತ್ರಗಳನ್ನು ನೋಡಿ ನನಗೂ ಸಿಟ್ಟು ಬಂದಿದೆ. ಮನುಷ್ಯನಂತೆ ನಾಯಿ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತ ಉಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ಆ ಬಟ್ಟೆಯೊಳಗೆ ಅದು ಬೇಯುತ್ತದೆ. ಆದರೆ ಇದಕ್ಕೆ ಮದ್ದು ಸಹಾನುಭೂತಿ ಬಿಡುವುದಲ್ಲ, ಇನ್ನೂ ಗಟ್ಟಿಯಾಗಿ ಹಿಡಿಯುವುದು. ಏನನ್ನು ಮಾರಬಾರದು ಎಂದು ಹೇಳಿಕೊಡುವುದೂ ಅದೇ.

ಕಾಫಿ ಮರದ ತುಂಡನ್ನೇ ತೆಗೆದುಕೊಳ್ಳಿ. ನಾಯಿಗೆ ಅಗಿಯಲು ಕಾಫಿ ಕಟ್ಟಿಗೆ ಕೊಡುವುದು ಹೊರದೇಶಗಳಲ್ಲಿ ಚಾಲ್ತಿಗೆ ಬಂದು, ಈಗ ನಮ್ಮಲ್ಲೂ ಮಾರಾಟವಾಗುತ್ತಿದೆ. ಗಿಡಗಸಿಯ ಕಾಲದಲ್ಲಿ ಗಾಡಿಗಟ್ಟಲೆ ಕಟ್ಟಿಗೆ ಬೀಳುವ ನಮ್ಮ ಊರಿಗೆ ಇದು ಬಿಟ್ಟಿ ಕಚ್ಚಾಮಾಲು. "ನೀವೇಕೆ ಮಾಡಬಾರದು" ಎಂದು ಕೇಳದವರಿಲ್ಲ. ಇಲ್ಲಿ ತೋಟದವರಿಗೆ ಮಾತ್ರ ಗೊತ್ತಿರುವ ಸಂಗತಿಗಳಿವೆ. ಅರೇಬಿಕಾ ಗಿಡದ ಬೊಡ್ಡೆಗೆ ಬಿಳಿ ಕಾಂಡಕೊರಕದ ಕಾಟ. ಅದನ್ನು ತಡೆಯಲು ಬೊಡ್ಡೆಗೆ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಬಳಿಯುವ ರೂಢಿ ದಶಕಗಳಿಂದ ಇದೆ. ಎಲೆತುಕ್ಕಿಗೆ ಮೈಲುತುತ್ತದ ಬೋರ್ಡೊ ದ್ರಾವಣ ಹೊಡೆಯುತ್ತೇವೆ. ಆ ತೊಗಟೆಯನ್ನು ನಾಯಿ ತಾಸುಗಟ್ಟಲೆ ನೆಕ್ಕಿ ಅಗಿಯಬೇಕೇ? ಕೊರಕ ಹೊಕ್ಕ ಗಿಡವನ್ನು ಕಿತ್ತು ಸುಡಬೇಕೆಂಬುದು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಹಳೆಯ ಸಲಹೆ, ಏಕೆಂದರೆ ಒಳಗಿರುವ ಹುಳು ದುಂಬಿಯಾಗಿ ಹೊರಬಂದು ಪಕ್ಕದ ಗಿಡ ಸೇರುತ್ತದೆ. ಅದನ್ನು ಕೊರಿಯರ್‌ನಲ್ಲಿ ಕಟ್ಟಿ ಕಳಿಸುವುದು ಯಾವ ನ್ಯಾಯ? ಮಾಡುವುದೇ ಆದರೆ ಕೊರಕ ಹೆಚ್ಚು ಕಾಡದ ರೊಬಸ್ಟಾದಿಂದ, ಏನು ಹೊಡೆದಿದ್ದೇವೆಂದು ಲೆಕ್ಕವಿರುವ ತಾಕಿನಿಂದ, ತೊಗಟೆ ತೆಗೆದು, ಚೆನ್ನಾಗಿ ಒಣಗಿಸಿ ಮಾಡಬೇಕು.

ಅಷ್ಟಾದರೂ ಹಲ್ಲಿನ ಪ್ರಶ್ನೆ ಉಳಿಯುತ್ತದೆ. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಮೂಡದಷ್ಟು ಗಟ್ಟಿಯಾದ ವಸ್ತುವನ್ನು ನಾಯಿಗೆ ಅಗಿಯಲು ಕೊಡಬೇಡಿ ಎನ್ನುತ್ತಾರೆ ಪಶುದಂತ ವೈದ್ಯರು. ಮೇಲ್ದವಡೆಯ ದೊಡ್ಡ ಕತ್ತರಿ ಹಲ್ಲು ಚಕ್ಕೆಯಾಗಿ ಸೀಳುತ್ತದೆ, ನೋವು ತೋರಿಸದೆ ನಾಯಿ ತಿಂಗಳುಗಟ್ಟಲೆ ಒಂದೇ ಕಡೆ ಅಗಿಯುತ್ತದೆ. ಬಲವಾಗಿ ಕಚ್ಚುವ ನಾಯಿಗೆ, ಮುದಿನಾಯಿಗೆ, ಹಲ್ಲು ಹುಟ್ಟುತ್ತಿರುವ ಮರಿಗೆ ಕಾಫಿ ಕಟ್ಟಿಗೆ ಬೇಡ. ಈ ಮಾತನ್ನು ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ ಧೈರ್ಯವಿಲ್ಲದವರು ಅದನ್ನು ಮಾರಬಾರದು. ಕಾಫಿ ಹಣ್ಣು, ಬೀಜ, ಪುಡಿಯನ್ನಂತೂ ಯಾವ ರೂಪದಲ್ಲೂ ನಾಯಿಯ ಸಾಮಾನಿನಲ್ಲಿ ಬಳಸುವ ಮಾತೇ ಇಲ್ಲ. ಕೆಫೀನ್ ನಾಯಿಗೂ ಬೆಕ್ಕಿಗೂ ವಿಷ.

ಉಣುಗಿನ ಔಷಧಿಯಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ನಮ್ಮ ನಾಯಿಗಳನ್ನು ಕೊಲ್ಲುವುದರಲ್ಲಿ ಉಣುಗಿನ ಜ್ವರ ಮುಂದಿದೆ, ಆದ್ದರಿಂದ ಉಣುಗು ಓಡಿಸುತ್ತದೆ ಎಂದು ಹೇಳಿದ ಯಾವ ಎಣ್ಣೆಯೂ ಖರ್ಚಾಗುತ್ತದೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ತಾಗಿದರೆ ನಡುಕ ಬಂದು ಅದು ಸಾಯಲೂಬಹುದು. ನಾಯಿ-ಬೆಕ್ಕು ಒಂದೇ ಒಲೆಯ ಮುಂದೆ ಒತ್ತಿಕೊಂಡು ಮಲಗುವ ಮನೆಗಳು ನಮ್ಮವು. ಹಾಗಾಗಿ ಮೊದಲ ಪ್ರಶ್ನೆ "ಮನೆಯಲ್ಲಿ ಬೆಕ್ಕಿದೆಯೇ" ಎಂದಿರಬೇಕು. ದಾಟಬಾರದ ಇನ್ನೊಂದು ಗೆರೆಯೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯನ್ನೂ ಕಾಡುತ್ತದೆ. ಅದೂ ಉಣುಗಿನಿಂದಲೇ ಬರುವುದು. ಜನ ಹೆದರಿರುವಾಗ "ನಮ್ಮ ಪಟ್ಟಿ ಕಟ್ಟಿದರೆ ಮನೆಗೆ ಮಂಗನ ಕಾಯಿಲೆ ಬರದು" ಎಂದು ಸುಳ್ಳು ಹೇಳಿ ಮಾರುವುದು ಬಹಳ ಸುಲಭ. ಔಷಧಿಯ ಮಾತು ಪಶುವೈದ್ಯರದು. ನಾವು ಮಾರಬಹುದಾದದ್ದು ಉಣುಗು ಕೀಳುವ ಸಣ್ಣ ಕೊಕ್ಕೆ, ಒತ್ತಾದ ಹಲ್ಲಿನ ಬಾಚಣಿಗೆ, ಕಾಡಿನಿಂದ ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಬೇಕೆಂಬ ತಿಳಿವಳಿಕೆ.

"ಲೈನ್ ಮನೆಯಲ್ಲಿ ಮನುಷ್ಯರೇ ಸೋರುವ ಹೆಂಚಿನ ಕೆಳಗೆ ಮಲಗಿರುವಾಗ ನಾಯಿಗೆ ಮಂಚವೇ?" ಈ ಪ್ರಶ್ನೆ ಕೇಳುವವರಿಗೆ ನಾನು ತಲೆಬಾಗುತ್ತೇನೆ, ಏಕೆಂದರೆ ಇದು ನ್ಯಾಯದ ಪ್ರಶ್ನೆ. ತೋಟ ಕಾರ್ಮಿಕರಿಗೆ ವಾಸಯೋಗ್ಯ ಮನೆ, ಚಿಕಿತ್ಸೆ, ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಟು ಕೊಡಬೇಕೆಂದು 1951ರ ಕಾಯ್ದೆಯೇ ಹೇಳಿತ್ತು. ಅದು ಎಲ್ಲಿ ನಡೆದಿಲ್ಲವೋ ಅಲ್ಲಿ ತೋಟದ ಯಜಮಾನರನ್ನು ಕೇಳಬೇಕು, ಕೇಳುವವರ ಜೊತೆ ನಾನೂ ನಿಲ್ಲುತ್ತೇನೆ. ಆದರೆ ನಾಯಿಯ ಮಂಚ ಹೊಲಿಯುವುದು ನಿಲ್ಲಿಸಿದರೆ ಯಾವ ಹೆಂಚೂ ಬದಲಾಗದು. ಹೊಲಿದರೆ ಏನಾಗುತ್ತದೆಂದು ನೋಡಿ. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ ತೋಟದ ಕೆಲಸ ಕುಗ್ಗುತ್ತದೆ, ಕೂಲಿಯೂ ಕುಗ್ಗುತ್ತದೆ. ಸ್ವಸಹಾಯ ಸಂಘದ ಹೆಂಗಸರಲ್ಲಿ ಹೊಲಿಗೆ ಬಲ್ಲವರು ಬೇಕಾದಷ್ಟಿದ್ದಾರೆ. ಸೂರಿನೊಳಗೆ ಕೂತು ಮಾಡುವ ಕೆಲಸ ಆ ತಿಂಗಳುಗಳಲ್ಲೇ ಬೇಕು. ಹಾಗೆಂದು ತುಂಡಿಗಿಷ್ಟೆಂದು ಅತಿ ಕಡಿಮೆ ಕೊಟ್ಟು ಸಹಾನುಭೂತಿಯ ಬೋರ್ಡು ಹಾಕಿದರೆ ಅದು ಮೋಸ. ನಾಯಿಯ ಕಂಕುಳಿನ ಗಾಯ ಕಂಡವರಿಗೆ ಹೊಲಿಯುವವಳ ಬೆನ್ನುನೋವು ಕಾಣದಿದ್ದರೆ ಆ ನೋಟದಲ್ಲಿ ದೋಷವಿದೆ. ಲೈನ್ ಮನೆಗಳಲ್ಲೂ ನಾಯಿಗಳಿವೆ. ಅಲ್ಲಿನ ಮಕ್ಕಳು ಕೊರಳಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿ ಮರಿ ಸಾಕುತ್ತಾರೆ, ಮರಿ ಬೆಳೆದಂತೆ ಹಗ್ಗ ಚರ್ಮದೊಳಕ್ಕೆ ಇಳಿಯುತ್ತದೆ. ಉಳಿದ ತುಣುಕು ಬಟ್ಟೆಯಲ್ಲಿ ಹಿಗ್ಗಿಸಬಹುದಾದ ಪಟ್ಟಿ ಹೊಲಿದು ಅಸಲಿಗೇ ಕೊಡಲು ನಷ್ಟವೇನೂ ಆಗದು.

ಕಾಡಿನ ಪರವಾಗಿ ಮಾತಾಡುವವರ ಆಕ್ಷೇಪ ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. "ಕುದುರೆಮುಖ, ಭದ್ರಾ ಕಾಡಿನ ಅಂಚಿನಲ್ಲಿ ನಾಯಿ ಹೆಚ್ಚಿದಷ್ಟೂ ವನ್ಯಜೀವಿಗೆ ಕೇಡು. ನೀವು ನಾಯಿ ಸಾಕುವುದನ್ನು ಪ್ರೋತ್ಸಾಹಿಸುತ್ತಿದ್ದೀರಿ." ಬಿಟ್ಟ ನಾಯಿಗಳು ಬರ್ಕ, ಮೊಲ, ಕಡವೆ ಮರಿ ಹಿಡಿಯುತ್ತವೆ, ನಿಜ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಕೆನೈನ್ ಡಿಸ್ಟೆಂಪರ್ ವ್ಯಾಧಿ ಪತ್ತೆಯಾಯಿತು. ಅದು ನಾಯಿಗಳಲ್ಲಿ ಸಾಮಾನ್ಯವಾಗಿ ಹರಡುವ ರೋಗ, ನಮ್ಮ ಸೀಳುನಾಯಿಗಳಿಗೂ ಅಪಾಯ. ಆನೆಯನ್ನು ಕಂಡು ಬೊಗಳಿ ಕೆರಳಿಸಿದ ನಾಯಿ ಯಜಮಾನನ ಕಾಲ ಬಳಿಗೇ ಓಡಿಬರುತ್ತದೆ, ಹಿಂದೆಯೇ ಆನೆ ಬರುತ್ತದೆ. ಮೂಡಿಗೆರೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಒಪ್ಪದ ಅರ್ಧ ಇದು: ಕಾಡಿಗೆ ಕೇಡು ಮಾಡುವುದು ಯಾರೂ ನೋಡಿಕೊಳ್ಳದ ನಾಯಿ. ಹೊಟ್ಟೆ ತುಂಬ ಉಂಡು, ಲಸಿಕೆ ಹಾಕಿಸಿಕೊಂಡು, ಸಂತಾನಹರಣವಾಗಿ, ಉದ್ದ ಹಗ್ಗದಲ್ಲಿ ಯಜಮಾನನ ಜೊತೆ ತಿರುಗಿ ರಾತ್ರಿ ಒಳಗೆ ಮಲಗುವ ನಾಯಿ ಕಾಡಿಗೆ ಹೋಗುವುದೇ ಇಲ್ಲ. ನಮ್ಮ ಸಾಮಾನುಗಳ ಪಟ್ಟಿಯನ್ನೇ ಈ ಕಣ್ಣಿನಿಂದ ಆರಿಸಿದ್ದೇವೆ. ನಡೆಯಲು ಉದ್ದ ಹಗ್ಗ, ಒಳಗೆ ಮಲಗಲು ಒಣ ಹಾಸಿಗೆ, ಕತ್ತಲಲ್ಲಿ ಗಾಡಿಯವರಿಗೆ ಹೊಳೆಯುವ ಪಟ್ಟಿ. ಪ್ರತಿ ಪಟ್ಟಿಯೊಂದಿಗೆ ಲಸಿಕೆಯ ದಿನ ಬರೆದಿಡುವ ಚೀಟಿ ಇರುತ್ತದೆ. ಹಂದಿಗೆಂದು ಕ್ಲಚ್ ವೈರಿನಲ್ಲಿ ಒಡ್ಡುವ ಉರುಳಿಗೆ ಚಿರತೆಯೂ ಬೀಳುತ್ತದೆ, ನಾಯಿಯೂ ಬೀಳುತ್ತದೆ. ತನ್ನ ನಾಯಿಯನ್ನು ಉರುಳಿನಲ್ಲಿ ಕಳೆದುಕೊಂಡವನು ಉರುಳಿನ ವಿರುದ್ಧ ಮಾತಾಡುವಷ್ಟು ಜೋರಾಗಿ ಬೇರೆ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಕಾಡಿನವರಿಗೆ ಊರೊಳಗೆ ಇಂಥ ಜೊತೆಗಾರರು ಬೇಕಲ್ಲವೇ?

ಇನ್ನು, "ನೀವು ಕಷ್ಟಪಟ್ಟು ಕಂಡುಕೊಂಡದ್ದನ್ನು ನಾಳೆ ಯಾರಾದರೂ ನಕಲು ಮಾಡುತ್ತಾರೆ" ಎಂಬ ಹಿತವಚನ. ಮಾಡಲಿ. ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ಬಂದಾಗುವ ದಿನಗಳಲ್ಲಿ ನಮ್ಮ ಮಾಲು ಅತ್ತ ತಲುಪುವುದೇ ಇಲ್ಲ. ಕಳಸದಲ್ಲಿ ಒಬ್ಬರು, ಕೊಪ್ಪದಲ್ಲಿ ಒಬ್ಬರು, ಸಕಲೇಶಪುರದಲ್ಲಿ ಒಬ್ಬರು ಹೊಲಿಯುವಂತಾದರೆ ನಾಯಿಗಳಿಗೆ ಒಳ್ಳೆಯದು. ಶುರುಮಾಡುವವರಿಗೆ ನಮ್ಮ ಅಳತೆಯ ಕ್ರಮ ಇಲ್ಲಿಯೇ ಕೊಡುತ್ತೇನೆ. ಕುತ್ತಿಗೆಯನ್ನು ಎರಡು ಕಡೆ ಅಳೆಯಿರಿ, ಕಿವಿಯ ಹಿಂದೆ ಒಮ್ಮೆ, ಭುಜದ ಮೇಲೆ ಒಮ್ಮೆ. ತಲೆಯ ಅತಿ ಅಗಲದ ಸುತ್ತಳತೆ ತಪ್ಪದೆ ಬರೆದುಕೊಳ್ಳಿ. ಕುತ್ತಿಗೆಗಿಂತ ಅದು ಕಡಿಮೆಯಿದ್ದರೆ ಎರಡು ಕುಣಿಕೆಯ ಪಟ್ಟಿಯೇ ಬೇಕು. ಎದೆಯನ್ನು ಮುಂಗಾಲಿನಿಂದ ಎರಡು ಬೆರಳು ಹಿಂದಕ್ಕೆ ಅಳೆಯಿರಿ, ಕಂಕುಳಿಗೆ ತಾಗಿಸಬೇಡಿ. ನಾಯಿ ನಿಂತಿರುವಾಗ ಒಮ್ಮೆ, ಮಲಗಿ ಎದ್ದ ಮೇಲೆ ಇನ್ನೊಮ್ಮೆ ನೋಡಿ. ಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮೊದಲ ದಿನ ಅರ್ಧ ಗಂಟೆ ಹಾಕಿ ಬಿಚ್ಚಿ, ಚರ್ಮ ಕೆಂಪಾಗಿದೆಯೇ ನೋಡಿ. ಮಳೆಯಲ್ಲಿ ನೆನೆಸಿ ಮತ್ತೆ ಹಾಕಿ ನೋಡಿದ ಮೇಲೆಯೇ ಬೆಲೆ ಹೇಳಿ.